ಹೊಳೆ ಇಲ್ಲದ ಪಟ

ಕಳೆದ ತಿಂಗಳು ಅಟ್ಟದಿಂದ ಬಿಸ್ಕತ್ತಿನ ಹಳೆಯ ತಗಡು ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದೆ. ಹುಳಿ ವಾಸನೆ ರಪ್ಪನೆ ಮೂಗಿಗೆ ಹೊಡೆಯಿತು. ಉಪ್ಪಿನಕಾಯಿ ಭರಣಿ ಎಲ್ಲಾದರೂ ಸೋರಿತೋ ಎಂದು ಸೊಸೆ ಒಳಗಿನಿಂದ ಕೇಳಿದಳು. ಅಲ್ಲ ಮಗಾ, ಫಿಲ್ಮು ಕೆಟ್ಟದ್ದು ಎಂದೆ. ಫಿಲ್ಮು ಮುದಿಯಾದರೆ ಹೀಗೆ ಹುಳಿಯುತ್ತದೆ. ಮನುಷ್ಯರೂ ಹಾಗೆಯೇ ಎಂದು ನನ್ನ ಹೆಂಡತಿ ಬದುಕಿದ್ದರೆ ಹೇಳುತ್ತಿದ್ದಳು, ನನ್ನ ಮುಖ ನೋಡಿಕೊಂಡು.

ಬೆಣ್ಣೆ ಕಾಗದದಲ್ಲಿ ಸುತ್ತಿಟ್ಟಿದ್ದ ಒಂದು ತುಂಡು ನೆಗೆಟಿವ್ ಸಿಕ್ಕಿತು. ಅದರಲ್ಲಿ ಆರು ಚೌಕ. ನಾಲ್ಕನೆಯದನ್ನು ಹುಡುಕಬೇಕಾಗಿರಲಿಲ್ಲ, ಬೆರಳಿಗೇ ಗೊತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಬಗ್ಗಿ ನಿಂತ ಒಬ್ಬ ಹೆಂಗಸು, ಅವಳ ಹಿಂದೆ ಒಂದು ಆನೆ, ಇಬ್ಬರ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ನೆಗೆಟಿವ್‌ನಲ್ಲಿ ಬಿಳಿಯದೆಲ್ಲ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಗೆರೆ ಪಯಸ್ವಿನಿ ಹೊಳೆ. ಅದರ ಸಂಗತಿಯನ್ನು ಈವರೆಗೆ ನಾನು ಪೂರ್ತಿಯಾಗಿ ಯಾರಿಗೂ ಹೇಳಿಲ್ಲ. ಹೇಳುವಂಥದ್ದೂ ಅಲ್ಲ. ಆದರೆ ಫಿಲ್ಮು ಇನ್ನೊಂದು ಮಳೆಗಾಲ ನಿಲ್ಲುವಂತೆ ಕಾಣುವುದಿಲ್ಲ, ನಾನೂ ಅಷ್ಟೆ.

ಸುಳ್ಯ ಆಗಿನ್ನೂ ಪುತ್ತೂರು ತಾಲೂಕಿನಲ್ಲೇ ಇತ್ತು. ಅರುವತ್ತೊಂದೋ ಅರುವತ್ತೆರಡೋ, ನನಗೆ ಮೂವತ್ತರ ಆಸುಪಾಸು. ಪೇಟೆಯಲ್ಲಿ ಜವಳಿ ಅಂಗಡಿಯ ಮಾಳಿಗೆ ಮೇಲೆ ನನ್ನ ಸ್ಟುಡಿಯೋ. ಮದುವೆಯ ಗ್ರೂಪ್ ಫೋಟೋ, ಶಾಲೆ ಬಿಡುವ ಮಕ್ಕಳ ಫೋಟೋ, ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ ತೆಗೆಯುವ ಫೋಟೋ, ಇಷ್ಟು ನನ್ನ ಕಸುಬು. ಜನ ನನ್ನ ಹೆಸರು ಹೇಳುತ್ತಿರಲಿಲ್ಲ, 'ಫೋಟೋದವರು' ಎನ್ನುತ್ತಿದ್ದರು, ಬೆನ್ನ ಹಿಂದೆ 'ಹೆಣದ ಫೋಟೋದವನು' ಎಂದೂ. ಆ ಕೊನೆಯ ಬಗೆಯ ಫೋಟೋ ಊರಲ್ಲಿ ಬೇರೆ ಯಾರೂ ತೆಗೆಯುತ್ತಿರಲಿಲ್ಲವಾದ್ದರಿಂದ ನಾನು ಮನೆ ಕಡೆ ಬಂದರೆ ಮುದುಕರು ಸ್ವಲ್ಪ ಅಳುಕುತ್ತಿದ್ದದ್ದೂ ಉಂಟು.

ಆ ವರ್ಷ ಮಡಿಕೇರಿಯ ಹತ್ತಿರ ಕಾಫಿ ತೋಟದ ಒಬ್ಬ ಬಿಳಿಯ ದೊರೆ ಊರು ಬಿಟ್ಟು ಹೋಗುವಾಗ ಮನೆಯ ಸಾಮಾನು ಏಲಂ ಹಾಕಿದ. ಅಲ್ಲಿ ನನಗೆ ಸಿಕ್ಕಿದ್ದು ಜರ್ಮನಿಯ ಒಂದು ಕ್ಯಾಮರಾ ಮತ್ತು ಮೊಳದುದ್ದದ ಲೆನ್ಸು. ಏಲಂ ಕೂಗಿದವನು ಅದನ್ನು ದುರ್ಬೀನು ಎಂದುಕೊಂಡಿದ್ದ, ಹಾಗಾಗಿ ನನಗೆ ದಕ್ಕಿತು. ಮನೆಗೆ ತಂದಾಗ ಹೆಂಡತಿ ಅದನ್ನೊಮ್ಮೆ, ಸೋರುತ್ತಿದ್ದ ಮಾಡನ್ನೊಮ್ಮೆ ನೋಡಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದಳು. ನಾನು ಕೇಳಿಸದವನಂತೆ ಲೆನ್ಸು ಒರೆಸುತ್ತಾ ಕೂತೆ. ಗುಬ್ಬಿಯನ್ನೂ ಗಿಡುಗವನ್ನೂ ಎದುರು ಕೂರಿಸಿ ತೆಗೆದ ಹಾಗೆ ತೆಗೆಯುತ್ತೇನೆ, ಪತ್ರಿಕೆಗೆ ಕಳಿಸುತ್ತೇನೆ, ಹೆಣದ ಫೋಟೋದವನು ಎಂಬ ಹೆಸರು ಹೋಗುತ್ತದೆ ಎಂದು ನನ್ನ ಲೆಕ್ಕ.

ಮಂಡೆಕೋಲಿನ ಹೊಳೆ ಬದಿಯಲ್ಲಿ ಬೆಳ್ಯಪ್ಪ ಗೌಡರ ಗದ್ದೆ. ಅವರ ಮಗಳ ಮದುವೆಯ ಪಟ ತೆಗೆದದ್ದು ನಾನೇ, ಹಾಗೆ ಪರಿಚಯ. ಲೆನ್ಸಿನ ಸುದ್ದಿ ಕೇಳಿ ಒಂದು ದಿನ ಅವರು ಸ್ಟುಡಿಯೋಕ್ಕೆ ಬಂದು, "ಹಕ್ಕಿ ಎಂತಕ್ಕೆ ಮಾರಾಯ್ರೆ, ನಮ್ಮಲ್ಲಿಗೆ ಬನ್ನಿ. ನಮ್ಮ ಹೊಳೆಗೆ ದಿನಾ ಸಾಯಂಕಾಲ ದೊಡ್ಡವರು ಬರ್ತಾರೆ" ಎಂದರು. ದೊಡ್ಡವರು ಎಂದರೆ ಆನೆ. ಆ ಕಡೆಯವರು ಅದರ ಹೆಸರು ಹಿಡಿದು ಕರೆಯುವುದಿಲ್ಲ.

ಏಣೆಲು, ಅಂದರೆ ಮಳೆಗಾಲದ ಭತ್ತ, ಹಣ್ಣಾಗುವ ಕಾಲ, ಮಳೆ ಹಿಂದೆ ಸರಿದು ಬಿಸಿಲು ಎಳೆಯದಾಗಿತ್ತು. ನಾನು ಜಾಲ್ಸೂರಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಲೆನ್ಸನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ನಡೆದೆ. ಗದ್ದೆಯಲ್ಲಿ ಬೆಳ್ಯಪ್ಪಣ್ಣನ ಹೆಂಡತಿ ಪೂವಕ್ಕ ಕೆಲಸದವರೊಟ್ಟಿಗೆ ಕೊಯ್ಲು ಮಾಡುತ್ತಿದ್ದರು. ಐವತ್ತು ದಾಟಿದ, ಕಡ್ಡಿಯಂಥ ಹೆಂಗಸು. ಮನೆಯೊಳಗೆ ಗೌಡರ ಅರೆಭಾಷೆ, ಸಂತೆಯಲ್ಲಿ ತುಳು, ನನ್ನಂಥವರ ಹತ್ತಿರ ಕನ್ನಡ. ಹೆಗಲ ಮೇಲಿನ ಗಂಟು ನೋಡಿ, "ಅದು ಕೋವಿಯಾ?" ಎಂದು ಮೊದಲು ಕೇಳಿದ್ದು ಅವರು. ಅಲ್ಲ ಎಂದು ಬಿಚ್ಚಿ ತೋರಿಸಿದ ಮೇಲೆಯೇ ಕುಡಿಯಲು ಬೆಲ್ಲ ನೀರು ಬಂತು.

ಆನೆಯ ವಿಷಯ ಹೇಳಿದ್ದೂ ಅವರೇ. ಒಂಟಿ ಸಲಗ, ಎಡಗಿವಿಯ ಅಂಚು ಹರಿದದ್ದು. ಆರು ವರ್ಷ ಹಿಂದೆ ಒಮ್ಮೆ ಹೊಳೆ ದಾಟಿ ಬಂದು ಗದ್ದೆಗೆ ಇಳಿದಿತ್ತಂತೆ. ಮರುದಿನ ಪೂವಕ್ಕ ನಾಲ್ಕು ಬಾಳೆಗಿಡ ಕಡಿಸಿ, ಸೊಂಟದ ಮಟ್ಟದ ನೀರಿನಲ್ಲಿ ದಾಟಿ, ಆಚೆ ದಡದ ಬಂಡೆಯ ಮೇಲಿಟ್ಟು, "ನಿಮ್ಮದು ಇಲ್ಲಿ, ನಮ್ಮದು ಅಲ್ಲಿ, ಹೊಳೆ ನಡುವಿಗೆ" ಎಂದು ಗಟ್ಟಿಯಾಗಿ ಹೇಳಿ ಬಂದರು. ಅದಾದ ಮೇಲೆ ಪ್ರತಿ ಕೊಯ್ಲಿಗೂ ಮೊದಲ ಹೊರೆ ಬಾಳೆದಿಂಡು ಆಚೆ ಬಂಡೆಗೆ, ಆಮೇಲೂ ಆಗಾಗ ಒಂದಿಷ್ಟು. ಆನೆ ಮತ್ತೆ ಹೊಳೆ ದಾಟಿರಲಿಲ್ಲ.

"ಅಷ್ಟು ಹೇಳಿದ್ದಕ್ಕೆ ಬರುದಿಲ್ಲವಾ?" ಎಂದು ನಾನು ನಕ್ಕೆ.

"ಮನುಷ್ಯರಿಗೆ ಎಷ್ಟು ಹೇಳಿದರೂ ತಲೆಗೆ ಹೋಗುದಿಲ್ಲ. ಅವರಿಗೆ ಒಮ್ಮೆ ಹೇಳಿದರೆ ಸಾಕು" ಎಂದರು ಪೂವಕ್ಕ.

ಗದ್ದೆಯಿಂದ ಮುನ್ನೂರು ಗಜ ಹಿಂದೆ ಕೆಂಪು ಮುರಕಲ್ಲಿನ ಸಣ್ಣ ಗುಡ್ಡ. ಅದರ ಅಂಚಿನಲ್ಲಿ ಉಮಿ ತುಂಬಿದ ಗೋಣಿ ಇಟ್ಟು, ಅದರ ಮೇಲೆ ಲೆನ್ಸು ಮಲಗಿಸಿ, ಬೋರಲು ಬಿದ್ದುಕೊಂಡೆ. ಉದ್ದ ಲೆನ್ಸಿನಲ್ಲಿ ಕಣ್ಣಿಟ್ಟರೆ ನಮ್ಮ ಉಸಿರೇ ನಮಗೆ ಶತ್ರು. ಒಮ್ಮೆ ಉಸಿರಾಡಿದರೆ ಆನೆಯಷ್ಟು ದೊಡ್ಡದೂ ಚೌಕದಿಂದ ಆಚೆ ಹೋಗುತ್ತದೆ. ಮೂರು ದಿನ ಮಧ್ಯಾಹ್ನದಿಂದ ಬೆಳಕು ಇಳಿಯುವವರೆಗೆ ಬಿದ್ದುಕೊಂಡಿದ್ದೆ. ಆನೆ ಬರುತ್ತಿತ್ತು, ಬಂಡೆಯ ಮೇಲಿನ ದಿಂಡು ಕಾಲಲ್ಲಿ ಒತ್ತಿ ಸಿಗಿದು ತಿನ್ನುತ್ತಿತ್ತು, ನೀರು ಕುಡಿಯುತ್ತಿತ್ತು, ಹೋಗುತ್ತಿತ್ತು. ನಾನು ತೆಗೆದ ಮೊದಲ ಮೂರು ಚಿತ್ರ ಅವೇ. ಆದರೆ ನನಗೆ ಸಮಾಧಾನವಿಲ್ಲ. ಸ್ಟುಡಿಯೋದ ಅಭ್ಯಾಸ ನೋಡಿ, ಮನುಷ್ಯರಿಲ್ಲದ ಪಟ ಎಂದರೆ ಫಿಲ್ಮು ದಂಡ ಎಂದೇ ನಮ್ಮ ತಲೆಯಲ್ಲಿ ಕೂತಿತ್ತು. ನಾಲ್ಕನೆಯದಕ್ಕೆ ಕಾದೆ. ಪೂವಕ್ಕ ಗದ್ದೆಯ ಇತ್ತ ಅಂಚಿನಲ್ಲಿ ಒಬ್ಬರೇ ಬಗ್ಗಿ ಕೊಯ್ಯುತ್ತಾ ಬಂದಾಗ, ಅವರ ನೇರಕ್ಕೆ ಆಚೆ ದಡದಲ್ಲಿ ಆನೆ ಸೊಂಡಿಲೆತ್ತಿದಾಗ, ಒತ್ತಿದೆ.

ಅವರಿಗೂ ಆನೆಗೂ ನಡುವೆ ಇಡೀ ಗದ್ದೆ, ಹೊಳೆಯ ಒಡ್ಡು, ಹೊಳೆ, ಆಚೆಯ ಮರಳು. ನೂರೈವತ್ತು ಗಜಕ್ಕೆ ಕಡಿಮೆಯಿಲ್ಲ. ಆದರೆ ಉದ್ದ ಲೆನ್ಸಿಗೆ ಒಂದು ಗುಣವಿದೆ, ಅದು ದೂರವನ್ನು ಮಡಚುತ್ತದೆ. ಮದುವೆ ಗ್ರೂಪಿಗೆ ನಾವು ನೆಂಟರನ್ನು ಒತ್ತೊತ್ತಿ ನಿಲ್ಲಿಸುವ ಹಾಗೆ ಹಿಂದಿನದನ್ನು ತಂದು ಮುಂದಿನದರ ಬೆನ್ನಿಗೆ ನಿಲ್ಲಿಸುತ್ತದೆ. ಸುಳ್ಯಕ್ಕೆ ಬಂದು ತೊಳೆದು ದೊಡ್ಡದು ಮಾಡಿದಾಗ ನಾನೇ ಬೆಚ್ಚಿದೆ. ಬಗ್ಗಿದ ಹೆಂಗಸಿನ ಬೆನ್ನ ಮೇಲೆ ಆನೆ ಸೊಂಡಿಲೆತ್ತಿ ನಿಂತಂತಿತ್ತು. ಇಡೀ ಹೊಳೆ ಒಂದು ಸಪೂರ ಬಿಳಿ ಗೆರೆಯಾಗಿ ಇಬ್ಬರ ನಡುವೆ ಉಳಿದಿತ್ತು, ಫಿಲ್ಮಿಗೆ ಉಗುರು ತಾಗಿ ಗೀರು ಬಿದ್ದ ಹಾಗೆ.

ಗೀರು ಕಂಡರೆ ಫೋಟೋದವನ ಕೈ ಸುಮ್ಮನಿರುವುದಿಲ್ಲ. ಮದುಮಗಳ ಕೆನ್ನೆಯ ಸಿಡುಬಿನ ಕಲೆ, ಮದುಮಗನ ಕಾಲರಿನ ಕೊಳೆ, ಹೆಣದ ಮೂಗಿನ ಹತ್ತಿ, ಎಲ್ಲವನ್ನೂ ಸಪೂರ ಬ್ರಶ್ಶಿನಲ್ಲಿ ಇಲ್ಲವಾಗಿಸಿಯೇ ನಾನು ಹೆಸರು ಮಾಡಿದ್ದು. ಅದಕ್ಕೆ 'ತಿದ್ದುವುದು' ಎನ್ನುತ್ತಿದ್ದೆವು, ಸುಳ್ಳು ಎಂದು ಯಾರೂ ಹೇಳುತ್ತಿರಲಿಲ್ಲ. ಬ್ರಶ್ಶನ್ನು ನಾಲಗೆಗೆ ತಾಗಿಸಿ ಚೂಪು ಮಾಡಿ, ಬೂದುಬಣ್ಣ ಅದ್ದಿ, ಎಡದಿಂದ ಬಲಕ್ಕೆ ಹೊಳೆಯನ್ನು ತುಂಬಿಸಿಬಿಟ್ಟೆ. ಅರ್ಧ ಗಂಟೆಯ ಕೆಲಸವೂ ಆಗಲಿಲ್ಲ. ತಿದ್ದಿದ್ದನ್ನೇ ಮತ್ತೆ ಫೋಟೋ ಹೊಡೆದು ಪ್ರತಿಗಳನ್ನು ಮಾಡಿ, ಒಂದನ್ನು ಕಟ್ಟು ಹಾಕಿಸಿ ಕೆಳಗೆ ಮೆಟ್ಟಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದೆ.

ಆ ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ. ಸಂತೆಗೆ ಬಂದವರು ಬುಟ್ಟಿ ಇಳಿಸಿ ನೋಡುತ್ತಿದ್ದರು. ಹೆಣದ ಫೋಟೋದವನು ಎನ್ನುವುದು ಹೋಗಿ ಆನೆ ಫೋಟೋದವನು ಎಂದಾಯಿತು. ಹೆಂಡತಿಯೂ ಒಮ್ಮೆ ಇಳಿದು ಬಂದು ನೋಡಿ, "ಚಂದ ಉಂಟು" ಎಂದಳು. ಅವಳ ಬಾಯಲ್ಲಿ ಅದು ಬರುವುದೆಂದರೆ ಸಣ್ಣ ಮಾತಲ್ಲ.

ಬೆಳ್ಯಪ್ಪಣ್ಣನೂ ಪೂವಕ್ಕನೂ ಮುಂದಿನ ಸಂತೆಗೆ ಬಂದರು. ಪೂವಕ್ಕ ಗಾಜಿನ ಎದುರು ಬಹಳ ಹೊತ್ತು ನಿಂತರು.

"ಇದು ನಾನಾ?"

"ನೀವೇ ಪೂವಕ್ಕ."

"ಅವರು ಇಷ್ಟು ಹತ್ತಿರ ಎಲ್ಲಿದ್ದರು?"

"ಅದು ಲೆನ್ಸಿನ ಗುಣ. ದೂರದ್ದನ್ನು ಹತ್ತಿರ ತರ್ತದೆ."

"ಇರಲಿ. ಹೊಳೆ ಎಲ್ಲಿ?"

ನಾನು ನಗುತ್ತಲೇ ಹೇಳಿದೆ, ಗೀರಿನ ಹಾಗೆ ಬಿದ್ದಿತ್ತು, ಚಂದ ಕಾಣುವುದಿಲ್ಲ ಅಂತ ತಿದ್ದಿದೆ ಎಂದು.

"ಹೊಳೆಯನ್ನು ತಿದ್ದುದಾ?" ಎಂದು ಅವರು ಗಂಡನ ಮುಖ ನೋಡಿದರು, ಆಮೇಲೆ ನನ್ನದು. "ಅದು ಬರೀ ನೀರಲ್ಲ ಫೋಟೋದವರೇ. ಅದು ನಮಗೂ ಅವರಿಗೂ ಆದ ಮಾತು." ಅಷ್ಟು ಹೇಳಿ ಉಪ್ಪು ಮೀನಿನ ಅಂಗಡಿಯ ಕಡೆ ಹೋದರು. ಹಳ್ಳಿಯವರಿಗೆ ಪಟದ ಚಂದ ಎಲ್ಲಿ ಗೊತ್ತಾಗಬೇಕು ಎಂದುಕೊಂಡೆ ನಾನು. ಆಗ ಹಾಗೆ ಅನ್ನಿಸಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಹೊಳೆಯ ಆಚೆ ಸರಕಾರಿ ಕಾಡು. ಅಲ್ಲಿ ಮರ ಕಡಿಯುವ ಗುತ್ತಿಗೆ ಹಿಡಿದ ಒಬ್ಬ ಕಂಟ್ರಾಕ್ಟರು ಇದ್ದ, ಇಸ್ತ್ರಿ ಅಂಗಿಯ, ಮೆತ್ತಗೆ ಮಾತಾಡುವ ಮನುಷ್ಯ. ಆ ಸಲಗ ಇದ್ದ ಕಾರಣ ಕೂಲಿಯವರು ಕಾಡಿಗೆ ಇಳಿಯಲು ಒಪ್ಪುತ್ತಿರಲಿಲ್ಲ. ಹೊಡೆಸೋಣವೆಂದರೆ ಕಾಡಿನೊಳಗಿನ ಆನೆಗೆ ಅಪ್ಪಣೆ ಸಿಗುವುದಿಲ್ಲ. ಹೊಳೆ ದಾಟಿ ಬಂದು ಜನರ ಜೀವಕ್ಕೆ ಅಪಾಯ ಎಂದು ಸಾಬೀತಾದರೆ ಮಾತ್ರ ಸಿಗುತ್ತದೆ. ಅವನು ಒಂದು ದಿನ ಮೆಟ್ಟಿಲು ಹತ್ತಿ ಬಂದು ಪಟವನ್ನು ಹೊಗಳಿದ್ದೇ ಹೊಗಳಿದ್ದು. ಒಂದು ಪ್ರತಿ ಕೇಳಿದ. ಅರ್ಜಿಯ ಜೊತೆ ಮೇಲಿನವರಿಗೆ ಕಳಿಸುತ್ತೇನೆ ಎಂದೂ ಮುಚ್ಚದೆ ಹೇಳಿದ. ನನ್ನ ಪಟ ದೊಡ್ಡ ಅಧಿಕಾರಿಗಳ ಮೇಜಿಗೆ ಹೋಗುತ್ತದೆ ಎಂಬುದಷ್ಟೇ ನನ್ನ ಕಿವಿಗೆ ಬಿತ್ತು.

ಹದಿನೈದು ದಿನ ಕಳೆದು ಪುತ್ತೂರಿನಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಮೊದಲು ಮಂಡೆಕೋಲಿಗೆ ಹೋಗಿ ಎಲ್ಲರನ್ನೂ ಕೇಳಿದ್ದರು. ಆನೆ ಹೊಳೆ ದಾಟಿಲ್ಲ ಎಂದು ಬೆಳ್ಯಪ್ಪಣ್ಣ ಹೇಳಿದ್ದರು, ಪೂವಕ್ಕನೂ ಹೇಳಿದ್ದರು. ಇವರಿಗೆ ಆನೆಯೆಂದರೆ ಗಣಪತಿ, ಭಕ್ತಿಯಿಂದ ಮುಚ್ಚಿಡುತ್ತಾರೆ ಎಂದು ಕಂಟ್ರಾಕ್ಟರ ಹೇಳಿದ್ದ. ಅದಕ್ಕೇ ಅಧಿಕಾರಿ ನನ್ನಲ್ಲಿಗೆ ಬಂದದ್ದು. ಮಾಳಿಗೆಯಲ್ಲಿ ಒಂದು ಮದುವೆ ದಿಬ್ಬಣದವರು ಗ್ರೂಪಿಗಾಗಿ ಕಾದಿದ್ದರು. ಕಂಟ್ರಾಕ್ಟರ ಬೆಂಚಿನ ತುದಿಯಲ್ಲಿ ಕೂತಿದ್ದ.

ಅಧಿಕಾರಿ ಪಟವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. "ಇಂಥದ್ದನ್ನು ನಾನು ಇಂಗ್ಲಿಷ್ ಪತ್ರಿಕೆಗಳಲ್ಲಿ ಮಾತ್ರ ನೋಡಿದ್ದು. ನೀವೇ ತೆಗೆದದ್ದಾ?"

"ಹೌದು ಸರ್."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಅದಕ್ಕೆ ಕೇಳ್ತಿದ್ದೇನೆ. ಇದರಲ್ಲಿ ನಿಮ್ಮ ಕೈಕೆಲಸ ಏನಾದರೂ ಉಂಟಾ?"

ಉಂಟು ಎನ್ನಲು ಎಷ್ಟು ಹೊತ್ತು ಬೇಕು? ದಿಬ್ಬಣದವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಬ್ರಶ್ಶು ಆಡಿಸಿದ್ದೇನೆ ಎಂದರೆ ಗಾಜಿನ ಪೆಟ್ಟಿಗೆಯ ಎದುರು ಬುಟ್ಟಿ ಇಳಿಸಿದ ಊರೆಲ್ಲ ಏನೆನ್ನುತ್ತದೆ? ಆನೆಯನ್ನೇ ಬರೆದಿರಬೇಕು ಎನ್ನುತ್ತದೆ. ನಾನು, "ಇಲ್ಲ ಸರ್. ಇದ್ದದ್ದು ಇದ್ದ ಹಾಗೆ" ಎಂದೆ. ಹಾಗಾದರೆ ಅದನ್ನೇ ಹಿಂದೆ ಬರೆದು ಸಹಿ ಹಾಕಿ ಎಂದು ತಮ್ಮ ಪೆನ್ನು ಕೊಟ್ಟರು. ಪಟವನ್ನು ಬೋರಲು ಹಾಕಿ ನನ್ನ ಅಂದದ ಅಕ್ಷರದಲ್ಲಿ ಬರೆದು ರುಜು ಹಾಕಿದೆ. ಶಾಯಿ ಒಣಗಲೆಂದು ಊದಿದ್ದೂ ನಾನೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವಾರ ಎರಡು ಮೂರು ಸಲ ನೆಗೆಟಿವ್ ತೆಗೆದು ನೋಡಿ ಮತ್ತೆ ಒಳಗಿಟ್ಟೆ. ಹೆಂಡತಿ ಬಾಯಿ ಬಿಡಿಸಿದಳು. ಕೇಳಿ ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ, "ಪುತ್ತೂರು ಎಂತ ಕಾಶಿಯಾ? ನೆಗೆಟಿವ್ ತಗೊಂಡು ಹೋಗಿ ತೋರಿಸಿ ಬನ್ನಿ" ಎಂದಳು. ಹೋದೆ. ಈ ಡಬ್ಬಿಯಲ್ಲಿರುವ ಇದೇ ತುಂಡನ್ನು ಕಿಸೆಯಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಹೋದೆ. ಅಧಿಕಾರಿ ಕ್ಯಾಂಪಿಗೆ ಹೋಗಿದ್ದಾರೆ, ಗುರುವಾರ ಬನ್ನಿ ಎಂದು ಗುಮಾಸ್ತರು ಹೇಳಿದರು. ವಿಷಯವೇನೆಂದು ಕೇಳಿದಾಗ ಕಿಸೆ ಮುಟ್ಟಿ ನೋಡಿಕೊಂಡು ಬಸ್ಸಿನ ಕಡೆ ನಡೆದೆ. ಗುರುವಾರ ಬೆಳ್ಳಾರೆಯಲ್ಲಿ ಒಂದು ಮದುವೆ, ಶುಕ್ರವಾರ ಇನ್ನೊಂದು, ಒಪ್ಪಿಕೊಂಡದ್ದು. ಸೋಮವಾರ ಖಂಡಿತ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಕಂಟ್ರಾಕ್ಟರನ ಜೀಪು ಮನೆ ಬಾಗಿಲಿಗೆ ಬಂತು. ಅಪ್ಪಣೆ ಬಂದಿತ್ತು. ಕೊಡಗಿನಿಂದ ಕೋವಿಯವರೂ ಬಂದಾಗಿತ್ತು. ಕೆಲಸ ಮುಗಿದಿತ್ತು, ಅವರಿಗೆ ಫೋಟೋ ಬೇಕಿತ್ತು.

ಆವತ್ತು ಉದ್ದ ಲೆನ್ಸು ಬೇಕಾಗಲಿಲ್ಲ. ಸ್ಟುಡಿಯೋದ ಮೂರು ಕಾಲಿನ ಕ್ಯಾಮರಾ ಸಾಕಾಯಿತು, ಮದುವೆಗಳಿಗೆ ಒಯ್ಯುವಂಥದ್ದೇ.

ಆನೆ ಬಿದ್ದದ್ದು ಆಚೆ ದಡದಲ್ಲಿ, ಬಂಡೆಯ ಬುಡದಲ್ಲಿ. ಹಿಂಗಾಲು ಮರಳಲ್ಲಿ, ಸೊಂಡಿಲು ನೀರಲ್ಲಿ. ಬಾಯಲ್ಲಿ ಬಾಳೆದಿಂಡಿನ ನಾರು ಇನ್ನೂ ಇತ್ತು. ಮೂರು ದಿನ ಲೆನ್ಸಿನಲ್ಲಿ ನೋಡಿದರೂ ನನಗೆ ಕಾಣದಿದ್ದದ್ದು ಅದರ ರೆಪ್ಪೆಗೂದಲು. ಅಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅದರ ಮೇಲೆ ಇರುವೆ ಹತ್ತಲು ಶುರುವಾಗಿತ್ತು. ಕೋವಿಯವರು ಮೀಸೆ ಸರಿ ಮಾಡಿಕೊಂಡು ಒಂದೊಂದು ಕಾಲು ಆನೆಯ ಮೇಲಿಟ್ಟು ನಿಂತರು.

ಆಗ ಪೂವಕ್ಕ ಹೊಳೆ ದಾಟಿ ಬಂದರು. ಹಿಂದೆ ಬೆಳ್ಯಪ್ಪಣ್ಣ. ಪೂವಕ್ಕನ ಕೈಯಲ್ಲಿ ಕಂಚಿನ ಗಿಂಡಿ, ಅದರ ಬಾಯಲ್ಲಿ ತುಳಸಿ ಎಲೆ. ಮನೆಯವರು ಹೋದಾಗ ಬಾಯಿಗೆ ನೀರು ಬಿಡುವ ಹಾಗೆ ಬಿಡಲು ತಂದದ್ದು. ಯಾರೂ ಹೇಳದೆಯೇ ಕೋವಿಯವರು ಕಾಲು ತೆಗೆದು ಬದಿಗೆ ಸರಿದರು. ನೀರು ಬಾಯಿಯ ಅಂಚಿನಿಂದ ಇಳಿದು ಮರಳಿಗೆ ಹೋಯಿತು. ಎಲೆ ನಾಲಗೆಯ ಮೇಲೆ ಉಳಿಯಿತು. ಅವರು ಅಳಲಿಲ್ಲ. ಸೆರಗಿನಿಂದ ಆ ಇರುವೆಗಳನ್ನು ಒರೆಸಿದರು, ಎದ್ದು ನನ್ನ ಕಡೆ ತಿರುಗಿದರು.

"ಹತ್ತಿರ ಬಂದು ತೆಗೀರಿ ಫೋಟೋದವರೇ. ಈಗ ಎಷ್ಟು ಹತ್ತಿರ ಬಂದರೂ ಎಂತ ಮಾಡುದಿಲ್ಲ ಅವರು."

ಅವರು ಹೋದ ಮೇಲೆ ಕೋವಿಯವರು ಮತ್ತೆ ನಿಂತರು. ನಾನು ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ. ತೆಗೆಯಲಿಲ್ಲ ಎಂದು ಬರೆದರೆ ಚಂದವಿತ್ತು. ಆದರೆ ತೆಗೆದೆ. ಬಟ್ಟೆಯೊಳಗೆ ಅತ್ತದ್ದು ಯಾರಿಗೂ ಕಾಣಲಿಲ್ಲ, ಅದರಿಂದ ಯಾರಿಗೂ ಏನೂ ಉಪಕಾರವೂ ಆಗಲಿಲ್ಲ.

ಗಾಜಿನ ಪೆಟ್ಟಿಗೆಯಿಂದ ಪಟವನ್ನು ಅದೇ ದಿನ ತೆಗೆದು, ತಿದ್ದಿದ ಉಳಿದ ಪ್ರತಿಗಳ ಜೊತೆ ಒಲೆಗೆ ಹಾಕಿದೆ. ಉದ್ದ ಲೆನ್ಸನ್ನು ಮೈಸೂರು ಕಡೆಯ ಒಬ್ಬರಿಗೆ ಕೊಟ್ಟುಬಿಟ್ಟೆ. ಹೆಣದ ಫೋಟೋದವನು ಎಂಬ ಹೆಸರು ಮೆಲ್ಲ ಮರಳಿ ಬಂತು. ನಾನು ಬೇಡವೆನ್ನಲಿಲ್ಲ.

ಮೂರೋ ನಾಲ್ಕೋ ವರ್ಷದ ಮೇಲೆ, ಸುಳ್ಯ ತಾಲೂಕಾಗುತ್ತದೆ ಎಂದು ಪೇಟೆಯೆಲ್ಲ ಮಾತಾಡುತ್ತಿದ್ದ ಕಾಲದಲ್ಲಿ, ಬೆಳ್ಯಪ್ಪಣ್ಣ ಮೆಟ್ಟಿಲು ಹತ್ತಿ ಬಂದರು. ಗಡ್ಡ ಬೆಳೆದಿತ್ತು. ಜ್ವರ ಬಂದು ಪೂವಕ್ಕ ಎಂಟೇ ದಿನದಲ್ಲಿ ಹೋಗಿದ್ದರು. ಬೊಜ್ಜದ ದಿನ, ಉತ್ತರಕ್ರಿಯೆಗೆ, ಎದುರು ಇಟ್ಟು ಹೂ ಹಾಕಲು ಒಂದು ಪಟ ಬೇಕಿತ್ತು.

"ಮಗಳ ಮದುವೆಯ ಗ್ರೂಪಿನಲ್ಲಿ ಇಲ್ಲವಾ?" ಎಂದೆ, ಗೊತ್ತಿದ್ದೂ.

"ಅವತ್ತು ಅವಳು ಅಡಿಗೆ ಹತ್ತಿರ ಇದ್ದಳಲ್ಲ. ಬೇರೆ ಇಲ್ಲ. ನಿಮ್ಮಲ್ಲಿ ಇರುದು ಒಂದೇ."

ಆ ನೆಗೆಟಿವಿಗೆ ನಾನು ಬ್ರಶ್ಶು ತಾಗಿಸಿರಲಿಲ್ಲ. ಕತ್ತಲ ಕೋಣೆಗೆ ಹೋಗಿ ಮುದ್ರಿಸಿದೆ. ತೊಟ್ಟಿಯ ನೀರಿನಲ್ಲಿ ಮೊದಲು ಪೂವಕ್ಕನ ಬೆನ್ನು ಬಂತು, ಆಮೇಲೆ ಆನೆ. ನಡುವೆ ಬೆಳ್ಳಗೆ ಹೊಳೆ ಹಾಗೆಯೇ ಉಳಿಯಿತು. ಬ್ರಶ್ಶಿನ ಡಬ್ಬಿಯನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದ್ದೆ. ಒಣಗಿಸಿ ತಂದು ಕೊಟ್ಟೆ. ಮುಖ ಅರ್ಧವೇ ಕಾಣುತ್ತದೆ, ಬೇಕಾದರೆ ಅಷ್ಟನ್ನೇ ದೊಡ್ಡದು ಮಾಡುತ್ತೇನೆ, ಆನೆಯನ್ನು ಬಿಟ್ಟು ಕೊಡುತ್ತೇನೆ ಎಂದೆ.

"ಬೇಡ. ಅವರನ್ನು ತೆಗೆದರೆ ಇವಳು ಒಪ್ಪುದಿಲ್ಲ" ಎಂದರು ಬೆಳ್ಯಪ್ಪಣ್ಣ. ಪಟವನ್ನು ಮೊಣಕಾಲ ಮೇಲಿಟ್ಟುಕೊಂಡು ಉಗುರಿನಿಂದ ಆ ಬಿಳಿ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಸವರಿದರು. "ಹೊಳೆ ಬಂತಲ್ಲ. ಅವಳಿಗೆ ಒಮ್ಮೆ ತೋರಿಸ್ಬೇಕಿತ್ತು."

"ಅವತ್ತು ನಾನು ಹೇಳಬೇಕಿತ್ತು ಬೆಳ್ಯಪ್ಪಣ್ಣ" ಎಂದೆ.

ಅವರು ಎದ್ದರು. ಪಟವನ್ನು ಟವೆಲಿನಲ್ಲಿ ಸುತ್ತಿ, ಕೊಡೆ ತೆಗೆದುಕೊಂಡು, ಕೈಹಿಡಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಈಗ ನೆಗೆಟಿವಿಗೆ ಅಂಚಿನಿಂದ ಸುಕ್ಕು ಹತ್ತುತ್ತಿದೆ. ಪೂವಕ್ಕನ ಸೊಂಟದವರೆಗೆ ಬಂದಿದೆ. ಸೊಸೆ ಡಬ್ಬಿಯನ್ನು ಹೊರಗೆ ಬಿಸಿಲಿಗಿಡಿ ಎನ್ನುತ್ತಾಳೆ, ವಾಸನೆ ಹೋಗಲೆಂದು. ಬೆಳ್ಯಪ್ಪಣ್ಣ ಒಯ್ದ ಪಟ ಅವರ ಮಗಳ ಮನೆಯಲ್ಲಿದೆ ಎಂದು ಕೇಳಿದ್ದೇನೆ. ಅದರಲ್ಲಿ ಹೊಳೆ ಇದೆ. ಹೊಳೆ ಇಲ್ಲದ್ದು ಒಂದು ಮಾತ್ರ ನನ್ನ ಕೈಗೆ ಸಿಗದ ಕಡೆ ಉಳಿದಿದೆ, ಯಾವುದೋ ಕಡತದಲ್ಲಿ, ದಾರ ಕಟ್ಟಿ. ಸರಕಾರದ ಕಾಗದ ಬೇಗ ಹಾಳಾಗುವುದಿಲ್ಲ. ಅದನ್ನು ಯಾರಾದರೂ ಬಿಚ್ಚಿ ನೋಡಿದರೆ, ಹೆಂಗಸಿನ ಬೆನ್ನಿಗೇ ಬಂದು ನಿಂತ ಆನೆ ಕಾಣುತ್ತದೆ. ತಿರುಗಿಸಿದರೆ ಹಿಂದೆ ಅಂದದ ಅಕ್ಷರದಲ್ಲಿ, ಇದ್ದದ್ದು ಇದ್ದ ಹಾಗೆ ಎಂದು ಬರೆದು, ಕೆಳಗೆ ನನ್ನ ರುಜು ಇದೆ.